ಹೃದಯದ ಕಾಯಿಲೆ ಇರುವ ಮಗುವಿನ ದಿನಚರಿ: ಔಷಧಿ, ಊಟ, ಆಟ, ಶಾಲೆ

ಹೃದಯದ ಕಾಯಿಲೆ ಇರುವ ಮಗು ವರ್ಷದಲ್ಲಿ ನಾಲ್ಕೈದು ದಿನ ಆಸ್ಪತ್ರೆಯಲ್ಲಿ ಕಳೆದೀತು. ಮಿಕ್ಕ ದಿನಗಳೆಲ್ಲ ಮನೆ, ಅಂಗನವಾಡಿ, ಶಾಲೆ, ಬೀದಿ. ಈ ದಿನಗಳು ಹೇಗೆ ಸಾಗುತ್ತವೆ ಅನ್ನುವುದು ಎಕೋ (ಹೃದಯದ ಸ್ಕ್ಯಾನ್) ವರದಿಯಲ್ಲಿ ಬರುವುದಿಲ್ಲ. ಓಡಬೇಡ, ಅಳಬೇಡ, ಮೆಟ್ಟಿಲು ಹತ್ತಬೇಡ, ಐಸ್‌ಕ್ರೀಂ ತಿನ್ನಬೇಡ: ಹೀಗೆ ಎಲ್ಲದಕ್ಕೂ ಬೇಡ ಎನ್ನುವ ಮನೆಯಲ್ಲಿ ನಿಜಕ್ಕೂ ಕೂಡದ ಕೆಲವು ಸಂಗತಿಗಳು ಯಾರ ಗಮನಕ್ಕೂ ಬರದೆ ನುಸುಳಿಬಿಡುತ್ತವೆ. ಐಸ್‌ಕ್ರೀಮಿನಿಂದ ಕೆಟ್ಟ ಹೃದಯ ಇಲ್ಲ. ಹುಳುಕು ಹಲ್ಲಿನಿಂದ, ತಪ್ಪಿದ ಇಂಜೆಕ್ಷನ್ನಿನಿಂದ ಕೆಟ್ಟದ್ದು ಬೇಕಾದಷ್ಟಿದೆ.

ಹುಟ್ಟುವ ಪ್ರತಿ ಸಾವಿರ ಮಕ್ಕಳಲ್ಲಿ ಸುಮಾರು 8–9 ಮಕ್ಕಳಿಗೆ ಹೃದಯದ ರಚನೆಯಲ್ಲಿ ದೋಷ ಇರುತ್ತದೆ. ಇದರ ಜೊತೆಗೆ, ಹುಟ್ಟುವಾಗ ಸರಿಯಾಗಿದ್ದು ಶಾಲೆಗೆ ಹೋಗುವ ವಯಸ್ಸಿನಲ್ಲಿ ಗಂಟಲು ಸೋಂಕಿನಿಂದ ಶುರುವಾಗಿ ಕವಾಟ ಕೆಡಿಸುವ ರುಮ್ಯಾಟಿಕ್ ಕಾಯಿಲೆ ನಮ್ಮಲ್ಲಿ ಇನ್ನೂ ಇದೆ. ಎರಡಕ್ಕೂ ಪಾಲನೆಯ ಕ್ರಮ ಬೇರೆ. ಆದ್ದರಿಂದ ನಿಮ್ಮ ಮಗುವಿಗೆ ಯಾವುದು ಅನ್ವಯ ಅನ್ನುವುದನ್ನು ಮೊದಲು ಬರೆದಿಟ್ಟುಕೊಳ್ಳಿ.

ಮೊದಲು ಒಂದು ಹಾಳೆ

ದಪ್ಪ ಫೈಲು ಮನೆಯಲ್ಲಿರಲಿ. ಕೈಗೆ ಸಿಗಬೇಕಾದದ್ದು ಒಂದೇ ಹಾಳೆ. ಮುಂದಿನ ಸಲ ತೋರಿಸಲು ಹೋದಾಗ ವೈದ್ಯರ ಎದುರೇ ಕೂತು ಇದನ್ನು ಭರ್ತಿ ಮಾಡಿಸಿ:

1. ಕಾಯಿಲೆಯ ಹೆಸರು, ಆಗಿರುವ ಆಪರೇಷನ್, ಅದರ ತಾರೀಖು. "ಹಾರ್ಟಲ್ಲಿ ಹೋಲ್" ಎಂದಷ್ಟೇ ಬರೆದರೆ ರಾತ್ರಿ ಡ್ಯೂಟಿಯ ವೈದ್ಯರಿಗೆ ಏನೂ ತಿಳಿಯದು.
2. ಇವತ್ತಿನ ತೂಕ. ಮಕ್ಕಳ ಔಷಧಿಯ ಲೆಕ್ಕವೆಲ್ಲ ತೂಕದ ಮೇಲೆ.
3. ಬೆರಳಿಗೆ ಹಾಕುವ ಆಕ್ಸಿಮೀಟರ್ ತೋರಿಸುವ, ಮಗುವಿನ ಮಾಮೂಲಿ ಆಮ್ಲಜನಕದ ಅಂಕಿ. ಗ್ಲೆನ್ ಆಪರೇಷನ್ (ಮೈಯ ಮೇಲ್ಭಾಗದ ರಕ್ತವನ್ನು ನೇರವಾಗಿ ಶ್ವಾಸಕೋಶಕ್ಕೆ ಕಳಿಸುವುದು) ಆದ ಮಗುವಿಗೆ 80ರ ಆಸುಪಾಸು ಮಾಮೂಲಿ ಇರಬಹುದು. ಇದು ಗೊತ್ತಿಲ್ಲದವರು ಗಾಬರಿಬಿದ್ದು ಬೇಡದ ಚಿಕಿತ್ಸೆಗೆ ಕೈಹಾಕುತ್ತಾರೆ. ಅಂಕಿ ನೋಡುವಾಗ ಬೆರಳು ಬೆಚ್ಚಗಿರಬೇಕು, ಉಗುರಿಗೆ ಬಣ್ಣ ಇರಬಾರದು, ಅಂಕಿ ನೆಲೆ ನಿಲ್ಲಲು ಒಂದು ನಿಮಿಷ ಕಾಯಬೇಕು.
4. ಈಗಿನ ಔಷಧಿಗಳು: ಎಷ್ಟು ಮಿಲಿಗ್ರಾಂ, ಎಷ್ಟು ಮಿಲಿ, ಎಷ್ಟು ಹೊತ್ತಿಗೆ.
5. ಹಲ್ಲಿನ ಚಿಕಿತ್ಸೆಗೆ ಮುಂಚೆ ಆಂಟಿಬಯಾಟಿಕ್ ಬೇಕೇ, ಬೇಡವೇ.
6. ಆಡಬಹುದಾದ ಆಟಗಳು. ಆಡಬಾರದ್ದಲ್ಲ, ಆಡಬಹುದಾದದ್ದು.

ಲ್ಯಾಮಿನೇಟ್ ಮಾಡಿಸಬೇಡಿ, ತೂಕ ಏರಿದಂತೆಲ್ಲ ಹಾಳೆ ಬದಲಾಗಬೇಕು. ಅದರ ಫೋಟೋ ತಂದೆ, ತಾಯಿ, ಅಜ್ಜಿ, ತರಗತಿಯ ಟೀಚರ್ ಎಲ್ಲರ ಮೊಬೈಲಿನಲ್ಲೂ ಇರಲಿ.

ಮಿಲಿಗ್ರಾಂ ಬೇರೆ, ಮಿಲಿ ಬೇರೆ

ಮನೆಯಲ್ಲಿ ಆಗುವ ತಪ್ಪುಗಳಲ್ಲಿ ಅಪಾಯದ್ದು ಇದು. ಮಿಲಿಗ್ರಾಂ ಎಂದರೆ ಔಷಧಿಯ ತೂಕ, ಮಿಲಿ ಎಂದರೆ ದ್ರವದ ಅಳತೆ. ಒಂದೇ ಔಷಧಿ ಬೇರೆ ಬೇರೆ ಗಾಢತೆಯಲ್ಲಿ ಬರುತ್ತದೆ. ಪ್ಯಾರಾಸಿಟಮಾಲ್ ಸಿರಪ್ಪನ್ನೇ ನೋಡಿ: 5 ಮಿಲಿಗೆ 120 ಅಥವಾ 125 ಮಿಗ್ರಾಂ ಇರುವುದೂ ಇದೆ, 250 ಮಿಗ್ರಾಂ ಇರುವುದೂ ಇದೆ. ಬಾಟಲಿ ಮಾತ್ರ ಒಂದೇ ಥರ. ಮೆಡಿಕಲ್ಲಿನವರು ಬೇರೆ ಕಂಪನಿಯದ್ದು ಕೊಟ್ಟಾಗಲೆಲ್ಲ ಚೀಟಿ ಓದಿ, ಹಳೆಯ ಬಾಟಲಿಯ ಜೊತೆ ಇಟ್ಟು ಹೋಲಿಸಿ.

ಚಮಚದಲ್ಲಿ ಅಳೆಯಬೇಡಿ. ಸೂಜಿ ತೆಗೆದ 1 ಮಿಲಿ ಅಥವಾ 2 ಮಿಲಿ ಸಿರಿಂಜ್ ಸಾಕು. ಕೊಡಬೇಕಾದ ಗೆರೆಯ ಮೇಲೆ ಬಣ್ಣದ ಟೇಪ್ ಅಂಟಿಸಿ. ಹೃದಯದ ಬಡಿತಕ್ಕೆ ಬಲ ಕೊಡುವ ಡಿಗಾಕ್ಸಿನ್ ಇದ್ದರಂತೂ ಇನ್ನೂ ಎಚ್ಚರ: 0.5 ಮಿಲಿ ಎಂದದ್ದು 5 ಮಿಲಿ ಎಂದು ಕೇಳಿಸಿದರೆ ಹತ್ತು ಪಟ್ಟು ಹೋಯಿತು. ಡಿಗಾಕ್ಸಿನ್ ಕೊಟ್ಟ ಮೇಲೆ ವಾಂತಿಯಾದರೆ ಮತ್ತೆ ಕೊಡುವಂತಿಲ್ಲ. ವಾಂತಿ, ಊಟ ಸೇರದಿರುವುದು, ನಾಡಿ ನಿಧಾನವಾಗುವುದು, ಇವೇ ಔಷಧಿ ಹೆಚ್ಚಾದ ಗುರುತುಗಳೂ ಆಗಿರುವುದರಿಂದ ಮುಂದಿನ ಡೋಸಿಗೆ ಮುಂಚೆ ವೈದ್ಯರಿಗೆ ಫೋನ್ ಮಾಡಿ.

ಕೂಸಿಗೆ ಬೇಕಾದ ಪ್ರಮಾಣದ ಮಾತ್ರೆ ಎಷ್ಟೋ ಸಲ ಸಿಗುವುದಿಲ್ಲ. ಮುರಿದು ಪುಡಿ ಮಾಡಿ ಪೊಟ್ಟಣ ಕಟ್ಟಿದರೆ ಒಂದರಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ನೀರಿನಲ್ಲಿ ಕರಗಿಸಲು ವೈದ್ಯರು ಹೇಳಿದ್ದರೆ ಲೆಕ್ಕ ಹೀಗೆ: 2.5 ಮಿಗ್ರಾಂ ಎನಾಲಪ್ರಿಲ್ (ಹೃದಯದ ಹೊರೆ ಇಳಿಸುವ ಔಷಧಿ) ಮಾತ್ರೆಯನ್ನು 5 ಮಿಲಿ ಕುದಿಸಿ ಆರಿಸಿದ ನೀರಿನಲ್ಲಿ ಕದಡಿದರೆ 1 ಮಿಲಿಯಲ್ಲಿ 0.5 ಮಿಗ್ರಾಂ. ಚೆನ್ನಾಗಿ ಕಲಕಿದ ತಕ್ಷಣ ಸಿರಿಂಜಿಗೆ ಎಳೆದುಕೊಳ್ಳಿ, ಮಿಕ್ಕದ್ದನ್ನು ಚೆಲ್ಲಿ. ನಾಳೆಗೆ ಎತ್ತಿಡಬೇಡಿ.

ನೀರು ಇಳಿಸುವ ಮಾತ್ರೆ, ಅಂದರೆ ಫ್ಯುರೊಸೆಮೈಡ್, ದಿನಕ್ಕೆರಡು ಸಲ ಇದ್ದರೆ ಬೆಳಿಗ್ಗೆ ಮತ್ತು ಮಧ್ಯಾಹ್ನ ಕೊಡಬಹುದೇ ಎಂದು ಕೇಳಿ. ರಾತ್ರಿ ಕೊಟ್ಟರೆ ಮಗು ಹಾಸಿಗೆ ಒದ್ದೆ ಮಾಡಿಕೊಳ್ಳುತ್ತದೆ, ಎಂಟು ವರ್ಷದ ಹುಡುಗನಿಗೆ ಅದು ದೊಡ್ಡ ಅವಮಾನ. ಇಂಥ ಸಣ್ಣ ಬದಲಾವಣೆಗೆ ಯಾವ ಖರ್ಚೂ ಇಲ್ಲ, ಮಗುವಿನ ಮುಖ ಮಾತ್ರ ಅರಳುತ್ತದೆ. ಇನ್ನು, ವಾಂತಿ ಭೇದಿ ಶುರುವಾದ ದಿನ ಫ್ಯುರೊಸೆಮೈಡ್, ಎನಾಲಪ್ರಿಲ್‌ಗಳನ್ನು ಎಂದಿನಂತೆ ಕೊಡಬೇಕೋ ನಿಲ್ಲಿಸಬೇಕೋ ಎಂದು ಕೇಳದೆ ಮುಂದುವರಿಸಬೇಡಿ. ಮೈಯ ನೀರು ಬತ್ತಿದಾಗ ಇವು ಮೂತ್ರಪಿಂಡಕ್ಕೆ ಹೊಡೆತ ಕೊಡುತ್ತವೆ. ಹೃದಯದ ಬಡಿತ ನಿಧಾನಗೊಳಿಸುವ ಪ್ರೊಪ್ರನೊಲಾಲ್ ತೆಗೆದುಕೊಳ್ಳುವ ಮಗು ಉಪವಾಸ ಇರಕೂಡದು. ಹೊಟ್ಟೆ ಖಾಲಿ ಇದ್ದರೆ ರಕ್ತದ ಸಕ್ಕರೆ ಸದ್ದಿಲ್ಲದೆ ಇಳಿಯುತ್ತದೆ.

ಹಾಲು ಕುಡಿಯುವ ಕೂಸು

ಹಾಲು ಕುಡಿಯುವಾಗ ಹಣೆ ಬೆವರುವುದು, ನಡುನಡುವೆ ಬಿಟ್ಟು ಏದುಸಿರು ಬಿಡುವುದು, ಅರ್ಧಕ್ಕೇ ನಿದ್ದೆಹೋಗುವುದು ಇವೆಲ್ಲ ಹೃದಯ ದಣಿದಿರುವುದರ ಗುರುತು. ಇಂಥ ಕೂಸಿಗೆ ಕುಡಿಯುವುದೇ ಓಟದ ಸ್ಪರ್ಧೆ. ಒಂದು ಸಲಕ್ಕೆ 20–30 ನಿಮಿಷ ಮೀರಬಾರದು; ಆಮೇಲೆ ಕುಡಿದದ್ದಕ್ಕಿಂತ ಖರ್ಚಾಗುವ ಶಕ್ತಿಯೇ ಹೆಚ್ಚು. ತಲೆ ಮೇಲಿರುವಂತೆ ಓರೆಯಾಗಿ ಎತ್ತಿಕೊಂಡು ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡಿ. ಮಿಕ್ಕ ಎದೆಹಾಲನ್ನು ಹಿಂಡಿ ಒಳಲೆಯಲ್ಲಿ ಹಾಕಿದರೆ ಕೂಸಿಗೆ ಚೀಪುವ ಶ್ರಮ ಉಳಿಯುತ್ತದೆ.

ಈ ಕೂಸುಗಳಿಗೆ ದಿನಕ್ಕೆ ಕಿಲೋಗೆ 120–150 ಕ್ಯಾಲರಿ ಬೇಕಾಗಬಹುದು, ಆರೋಗ್ಯವಂತ ಕೂಸಿಗಿಂತ ಹೆಚ್ಚು. ಮೊದಲ ಮೂರು ತಿಂಗಳಲ್ಲಿ ದಿನಕ್ಕೆ 20–30 ಗ್ರಾಂ ಏರುವುದು ಸಹಜ. ವಾರಕ್ಕೊಮ್ಮೆ ಅದೇ ತಕ್ಕಡಿಯಲ್ಲಿ, ಬಟ್ಟೆ ಬಿಚ್ಚಿ ತೂಗಿ. ವಾರಕ್ಕೆ 100 ಗ್ರಾಂ ಕೂಡ ಏರದಿದ್ದರೆ ಮುಂದಿನ ತಾರೀಖಿನವರೆಗೆ ಕಾಯಬೇಡಿ. ಆರು ತಿಂಗಳಾದ ಮೇಲೆ ರಾಗಿ ಸರಿಗೆ ಒಂದು ಟೀ ಚಮಚ ತುಪ್ಪ ಸೇರಿಸಿದರೆ ಸುಮಾರು 40 ಕ್ಯಾಲರಿ ಹೆಚ್ಚುತ್ತದೆ, ತಿನ್ನುವ ಪ್ರಮಾಣ ಹೆಚ್ಚಿಸಬೇಕಿಲ್ಲ. ಸರಿಯನ್ನು ನೀರಾಗಿ ಕಾಯಿಸುವುದು ಮಾತ್ರ ತಪ್ಪು: ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ.

ಮಲಗಿದಾಗ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ ಬರೆದಿಡಿ. ಎರಡು ತಿಂಗಳೊಳಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಮುಟ್ಟಿದರೆ ಅಥವಾ ನಿಮ್ಮ ಮಗುವಿನ ಎಂದಿನ ಎಣಿಕೆಗಿಂತ ದಿಢೀರನೆ ಏರಿದರೆ ಆ ದಿನವೇ ತೋರಿಸಿ.

ಬಾಣಂತಿ ಕೋಣೆಯ ಎರಡು ವಾಡಿಕೆಗಳ ಬಗ್ಗೆ ಅಜ್ಜಿಯರ ಜೊತೆ ಮೆಲ್ಲಗೆ ಮಾತಾಡಬೇಕು. ಒಂದು, ಸ್ನಾನದ ನಂತರದ ಸಾಂಬ್ರಾಣಿ ಹೊಗೆ: ಮೊದಲೇ ಒತ್ತಡದಲ್ಲಿರುವ ಶ್ವಾಸಕೋಶಕ್ಕೆ ಅದು ಬೇಡ. ಇನ್ನೊಂದು, ಬಜೆ, ಜಾಯಿಕಾಯಿಯ ಜೊತೆ ಜ್ಯೇಷ್ಠಮಧು ತೇಯ್ದು ನೆಕ್ಕಿಸುವುದು. ಜ್ಯೇಷ್ಠಮಧು ಮೈಯಲ್ಲಿ ಉಪ್ಪು, ನೀರು ನಿಲ್ಲಿಸಿ ಪೊಟ್ಯಾಸಿಯಂ ಇಳಿಸುತ್ತದೆ. ಫ್ಯುರೊಸೆಮೈಡ್ ಕೂಡ ಪೊಟ್ಯಾಸಿಯಂ ಇಳಿಸುವಂಥದ್ದೇ. ಪೊಟ್ಯಾಸಿಯಂ ಇಳಿದ ಮೈಯಲ್ಲಿ ಡಿಗಾಕ್ಸಿನ್ ವಿಷವಾಗುತ್ತದೆ.

ದೊಡ್ಡ ಮಕ್ಕಳ ತಟ್ಟೆ

ಉಪ್ಪು ಕಡಿಮೆ ಮಾಡಲು ಹೇಳಿದ್ದರೆ ಸಾರಿನ ಉಪ್ಪಿಗಿಂತ ಮೊದಲು ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಿಪ್ಸ್ ಪೊಟ್ಟಣ ನಿಲ್ಲಲಿ. ಸೈಂಧವ ಲವಣ ಒಳ್ಳೆಯದೆಂದು ಧಾರಾಳವಾಗಿ ಹಾಕುವವರಿದ್ದಾರೆ. ಅದೂ ಸೋಡಿಯಂ ಉಪ್ಪೇ. ಅಂಗಡಿಯ "ಕಡಿಮೆ ಸೋಡಿಯಂ" ಉಪ್ಪು ಇನ್ನೂ ಮೋಸದ್ದು. ಅದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ, ಎನಾಲಪ್ರಿಲ್ ಅಥವಾ ಸ್ಪೈರನೊಲ್ಯಾಕ್ಟೋನ್ (ನೀರು ಇಳಿಸುವ ಇನ್ನೊಂದು ಮಾತ್ರೆ) ತೆಗೆದುಕೊಳ್ಳುವ ಮಗುವಿನಲ್ಲಿ ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಏರಬಹುದು. ದಿನವೂ ಎಳನೀರು ಕುಡಿಸುವ ಮನೆಯವರು ಇದೇ ಕಾರಣಕ್ಕೆ ವೈದ್ಯರನ್ನು ಒಂದು ಮಾತು ಕೇಳಬೇಕು. ಎರಡೇ ದಿನದಲ್ಲಿ ತೂಕ ಒಂದು ಕಿಲೋದಷ್ಟು ಏರಿ, ಕಣ್ಣಿನ ಸುತ್ತ ಅಥವಾ ಪಾದದಲ್ಲಿ ಬಾವು ಕಂಡರೆ ಅದು ಮೈ ಹತ್ತಿದ್ದಲ್ಲ, ನೀರು ನಿಂತದ್ದು.

ನೀಲಿಗಟ್ಟುವ ಮಗು

ಫ್ಯಾಲೊ ಟೆಟ್ರಾಲಜಿಯಂಥ (ಶ್ವಾಸಕೋಶಕ್ಕೆ ರಕ್ತ ಸರಿಯಾಗಿ ಹೋಗದ ಹುಟ್ಟಿನ ದೋಷ) ಕಾಯಿಲೆಯಲ್ಲಿ ಆಪರೇಷನ್ನಿಗೆ ಮುಂಚೆ, ಬೆಳಿಗ್ಗೆ ಎದ್ದಾಗ, ಜೋರಾಗಿ ಅತ್ತಾಗ, ಮಲವಿಸರ್ಜನೆಗೆ ಮುಕ್ಕಿದಾಗ, ಸುಡುನೀರಿನ ಎಣ್ಣೆಸ್ನಾನದ ನಂತರ ಮಗು ಇದ್ದಕ್ಕಿದ್ದಂತೆ ಕಡುನೀಲಿಯಾಗಿ ಆಳವಾಗಿ, ಬೇಗಬೇಗ ಉಸಿರಾಡತೊಡಗಬಹುದು. ಆಗ:

1. ಎತ್ತಿಕೊಂಡು ಎದೆಗೆ ಒರಗಿಸಿ, ಮಗುವಿನ ಎರಡೂ ಮಂಡಿಗಳನ್ನು ಮಡಚಿ ಅದರ ಎದೆಗೆ ಒತ್ತಿ ಹಿಡಿಯಿರಿ. ನಡೆಯುವ ಮಗುವಾದರೆ ಕುಕ್ಕರುಗಾಲಲ್ಲಿ ಕೂರಲಿ. ಕಾಲು ಮಡಚಿದಾಗ ಮೈಕಡೆ ಹೋಗುವ ರಕ್ತಕ್ಕೆ ತಡೆ ಹೆಚ್ಚಿ, ಹೆಚ್ಚು ರಕ್ತ ಶ್ವಾಸಕೋಶದ ಕಡೆ ತಿರುಗುತ್ತದೆ. ಎಷ್ಟೋ ಮಕ್ಕಳು ಆಟದ ನಡುವೆ ತಾವೇ ಕುಕ್ಕರಿಸುವುದು ಇದಕ್ಕೇ. ಅವರನ್ನು ಎಬ್ಬಿಸಬೇಡಿ.
2. ನೆರೆದವರನ್ನು ಹೊರಗೆ ಕಳಿಸಿ, ಮಗುವನ್ನು ಸಮಾಧಾನ ಮಾಡಿ. ಬಾಯಿಗೆ ನೀರು ಹಾಕಬೇಡಿ.
3. ಎರಡು ನಿಮಿಷದಲ್ಲಿ ತಿಳಿಯಾಗದಿದ್ದರೆ, ಮೈ ಸಡಿಲಾದರೆ, ಫಿಟ್ಸ್ ಬಂದರೆ 108.
4. ತಾನಾಗಿ ಸರಿಹೋದರೂ ಅದೇ ದಿನ ವೈದ್ಯರಿಗೆ ತಿಳಿಸಿ. ಒಂದು ಸಲ ಹೀಗಾಯಿತೆಂದರೆ ಆಪರೇಷನ್ ಗೊತ್ತಾದ ದಿನಕ್ಕಿಂತ ಬೇಗ ಮಾಡಬೇಕಾಗಬಹುದು.

ಈ ಮಕ್ಕಳ ರಕ್ತ ಗಟ್ಟಿ. ನೀರು ಬತ್ತಿದರೆ ಮಿದುಳಿನಲ್ಲಿ ಹೆಪ್ಪುಗಟ್ಟುವ ಭಯ ಇರುವುದರಿಂದ ಭೇದಿಯ ಮೊದಲ ಸಲಕ್ಕೇ ಓಆರ್‌ಎಸ್ ಶುರುಮಾಡಿ: ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ, ಪ್ರತಿ ಭೇದಿಗೆ ಕಿಲೋಗೆ 10 ಮಿಲಿ ಲೆಕ್ಕದಲ್ಲಿ. ರಕ್ತಪರೀಕ್ಷೆಯಲ್ಲೂ ಒಂದು ಮೋಸ ಇದೆ. ಬೇರೆ ಮಗುವಿಗೆ 12 ಒಳ್ಳೆಯ ಹಿಮೋಗ್ಲೋಬಿನ್. ಆಮ್ಲಜನಕ 75 ಇರುವ ಮಗುವಿಗೆ ಅದೇ ರಕ್ತಹೀನತೆ, ಕಬ್ಬಿಣಾಂಶ ಬೇಕಾಗುತ್ತದೆ. ಲ್ಯಾಬಿನವರು "ನಾರ್ಮಲ್" ಎಂದು ಅಚ್ಚು ಹಾಕಿರುತ್ತಾರೆ, ಅಷ್ಟಕ್ಕೇ ಸುಮ್ಮನಾಗಬೇಡಿ.

ಇಪ್ಪತ್ತೊಂದು ದಿನದ ಇಂಜೆಕ್ಷನ್

ರುಮ್ಯಾಟಿಕ್ ಕಾಯಿಲೆಯ ಮಗು ಹೆಚ್ಚಾಗಿ 5–15ರ ವಯಸ್ಸಿನದು. ನೋಡಲು ಗಟ್ಟಿಮುಟ್ಟಾಗಿರುತ್ತದೆ, ಓಡಾಡಿಕೊಂಡಿರುತ್ತದೆ. ಅದಕ್ಕೇ ಇಂಜೆಕ್ಷನ್ ತಪ್ಪುವುದು. ಬೆಂಜಥೀನ್ ಪೆನಿಸಿಲಿನ್ ಈಗಾಗಲೇ ಕೆಟ್ಟ ಕವಾಟವನ್ನು ರಿಪೇರಿ ಮಾಡುವುದಿಲ್ಲ. ಮುಂದಿನ ಗಂಟಲು ಸೋಂಕು ಅದನ್ನು ಇನ್ನಷ್ಟು ಕೆಡಿಸದಂತೆ ಕಾಯುತ್ತದೆ. ಮೂರು ವಾರವಾಗುವ ಹೊತ್ತಿಗೆ ರಕ್ತದಲ್ಲಿ ಅದರ ಮಟ್ಟ ಇಳಿದುಬಿಡುತ್ತದೆ. ತಡವಾದ ಪ್ರತಿ ದಿನವೂ ಬಾಗಿಲು ತೆರೆದಿಟ್ಟ ದಿನ.

27 ಕಿಲೋ ಮತ್ತು ಮೇಲಿನವರಿಗೆ 12 ಲಕ್ಷ ಯೂನಿಟ್, ಅದಕ್ಕಿಂತ ಕಡಿಮೆ ತೂಕದವರಿಗೆ 6 ಲಕ್ಷ. ಅಂತರ 21 ದಿನ. ಚಿಕ್ಕ ಮಕ್ಕಳಿಗೆ ಕೆಲವು ವೈದ್ಯರು 15 ದಿನ ಎನ್ನುತ್ತಾರೆ. ಮಗು ಬೆಳೆದು 27 ಕಿಲೋ ದಾಟಿದ್ದು ಯಾರಿಗೂ ಗೊತ್ತಾಗದೆ ಹಳೆಯ ಚೀಟಿಯ 6 ಲಕ್ಷವೇ ವರ್ಷಗಟ್ಟಲೆ ನಡೆಯುವುದುಂಟು, ತೂಕ ನೋಡಿಸುತ್ತಿರಿ. 21 ದಿನದಲ್ಲಿ ಒಂದು ಅನುಕೂಲ ಇದೆ: ಯಾವಾಗಲೂ ಅದೇ ವಾರ ಬರುತ್ತದೆ. ಶುಕ್ರವಾರ ಎಂದು ಗೊತ್ತುಮಾಡಿ ಗೋಡೆ ಕ್ಯಾಲೆಂಡರಿನಲ್ಲಿ ಇಡೀ ವರ್ಷದ್ದನ್ನು ಒಮ್ಮೆಗೇ ಸುತ್ತುಹಾಕಿ. ಶನಿವಾರ ಬೇಡ, ಎರಡನೆಯ, ನಾಲ್ಕನೆಯ ಶನಿವಾರದ ರಜೆಗೆ ಸಿಕ್ಕಿಕೊಳ್ಳುತ್ತದೆ. ತಪ್ಪಿದ್ದರೆ ಮುಂದಿನ ಸುತ್ತಿಗೆ ಕಾಯದೆ ನಾಳೆಯೇ ಕೊಡಿಸಿ, ಅಲ್ಲಿಂದ ಹೊಸದಾಗಿ ಎಣಿಸಿ.

ನೋವಿನ ಭಯವೇ ಮಕ್ಕಳನ್ನು ತಪ್ಪಿಸಿಕೊಳ್ಳುವಂತೆ ಮಾಡುವುದು, ಅದು ಸುಳ್ಳು ಭಯವೂ ಅಲ್ಲ. ಮಗು ಊಟ ಮಾಡಿ, ನೀರು ಕುಡಿದು ಹೋಗಲಿ, ಮಲಗಿಕೊಂಡೇ ಚುಚ್ಚಿಸಿಕೊಳ್ಳಲಿ. ಚುಚ್ಚುವ ಜಾಗವನ್ನು ಮೊದಲು ಹೆಬ್ಬೆರಳಿನಿಂದ ಹತ್ತು ಸೆಕೆಂಡ್ ಒತ್ತುವುದು, ಔಷಧಿಯನ್ನು ಎರಡು ಮೂರು ನಿಮಿಷ ಹಿಡಿಸಿ ನಿಧಾನಕ್ಕೆ ಬಿಡುವುದು, ಪ್ರತಿ ಸಲ ಪಕ್ಕ ಬದಲಿಸುವುದು, ಇವು ನೋವನ್ನು ಎಷ್ಟೋ ಇಳಿಸುತ್ತವೆ. ಪುಡಿ ಕಲಸಿ ಇಟ್ಟರೆ ಸೂಜಿಯಲ್ಲಿ ಕಟ್ಟಿಕೊಂಡು ಎರಡನೇ ಸಲ ಚುಚ್ಚಬೇಕಾಗುತ್ತದೆ, ಆದ್ದರಿಂದ ಕಲಸಿದ ಕೂಡಲೇ ಕೊಡಬೇಕು. ಆಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ಕವಾಟ ಕೆಟ್ಟಿರುವವರಿಗೆ ಇದು ಹಲವು ಸಲ 40 ವರ್ಷ ವಯಸ್ಸಿನವರೆಗೆ ಅಥವಾ ಜೀವಮಾನವಿಡೀ ನಡೆಯುತ್ತದೆ. "ಇನ್ನು ನಾಲ್ಕು ಸಲ ಅಷ್ಟೇ ಕಂದ" ಎಂದು ಸುಳ್ಳು ಹೇಳಬೇಡಿ.

ಲೋಹದ ಕವಾಟ, ರಕ್ತ ತೆಳುವಾಗಿಸುವ ಮಾತ್ರೆ

ವಾರ್ಫರಿನ್ ಅಥವಾ ಅಸಿಟ್ರಾಂ ದಿನವೂ ಒಂದೇ ಹೊತ್ತಿಗೆ, ಸಂಜೆ. ಮರೆತದ್ದು ಅದೇ ರಾತ್ರಿ ನೆನಪಾದರೆ ಕೊಡಿ. ಮರುದಿನ ನೆನಪಾದರೆ ಎರಡು ಸೇರಿಸಿ ಕೊಡುವಂತಿಲ್ಲ. ಪ್ರತಿ ಹೊಸ ಸ್ಟ್ರಿಪ್ಪಿನ ಮೇಲಿನ ಮಿಲಿಗ್ರಾಂ ಓದಿ. ಸೊಪ್ಪು ತಿನ್ನಬಾರದು ಎಂಬ ಮಾತು ಅರ್ಧ ಸತ್ಯ. ನುಗ್ಗೆ, ದಂಟು, ಪಾಲಕ್ ಸೊಪ್ಪುಗಳಲ್ಲಿರುವ ವಿಟಮಿನ್ ಕೆ ಈ ಮಾತ್ರೆಯ ಬಲ ತಗ್ಗಿಸುತ್ತದೆ, ನಿಜ. ಆದರೆ ವಾರಕ್ಕೆ ಎರಡು ಸಲ ತಿನ್ನುವ ಮನೆ ಎಂದೂ ಎರಡೇ ಸಲ ತಿಂದರೆ ಮಾತ್ರೆಯ ಪ್ರಮಾಣವನ್ನು ಅದಕ್ಕೇ ಹೊಂದಿಸಬಹುದು. ಕೆಡುವುದು ಏರುಪೇರಿನಿಂದ: ತಿಂಗಳುಗಟ್ಟಲೆ ಬಿಟ್ಟು, ಆಮೇಲೆ ಹೊಲದಲ್ಲಿ ಬಂತೆಂದು ವಾರವೆಲ್ಲ ಸೊಪ್ಪಿನ ಸಾರು ಮಾಡುವುದರಿಂದ.

ಭೇದಿಗೆ ಕೊಡುವ ಮೆಟ್ರೊನಿಡಜೋಲ್, ಕೊಟ್ರೈಮಾಕ್ಸಜೋಲ್ ಮುಂತಾದ ಔಷಧಿಗಳು ರಕ್ತವನ್ನು ಇನ್ನೂ ತೆಳು ಮಾಡುತ್ತವೆ. ಯಾವ ಹೊಸ ಔಷಧಿ ಶುರುವಾದರೂ ಐದು ದಿನದೊಳಗೆ, ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಪರೀಕ್ಷೆಯಾದ ಐಎನ್‌ಆರ್ ಮಾಡಿಸಿ. ನೋವಿಗೆ, ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಐಬುಪ್ರೊಫೆನ್ ಬೇಡ. ತಲೆಗೆ ಪೆಟ್ಟು ಬಿದ್ದರೆ ಮಗು ನಗುನಗುತ್ತಾ ಇದ್ದರೂ ಆಸ್ಪತ್ರೆಗೆ.

ಹಲ್ಲು ಮತ್ತು ಜ್ವರ

ಬಾಯಿಯ ಸೂಕ್ಷ್ಮಜೀವಿ ರಕ್ತಕ್ಕೆ ಸೇರಿ ಕೆಟ್ಟ ಕವಾಟದ ಮೇಲೆ ಕೂತರೆ ಎಂಡೊಕಾರ್ಡೈಟಿಸ್, ಅಂದರೆ ಹೃದಯದ ಒಳಗಿನ ಸೋಂಕು. ದಿನಕ್ಕೆರಡು ಸಲ ಹಲ್ಲುಜ್ಜಿಸಿ. ಎಂಟು ವರ್ಷದವರೆಗೆ ರಾತ್ರಿಯ ಸರದಿ ನಿಮ್ಮ ಕೈಯಲ್ಲೇ ಇರಲಿ. ಸಿಹಿ ಸಿರಪ್ ಕೊಟ್ಟ ಮೇಲೆ ಬಾಯಿ ಮುಕ್ಕಳಿಸಲಿ. ಆರು ತಿಂಗಳಿಗೊಮ್ಮೆ ಹಲ್ಲಿನ ವೈದ್ಯರು. ಕೃತಕ ಕವಾಟ ಇರುವವರು, ಹಿಂದೆ ಈ ಸೋಂಕು ಆದವರು, ಆಪರೇಷನ್ ಆಗದ ನೀಲಿ ಮಕ್ಕಳು, ಕೃತಕ ತೇಪೆ ಹಾಕಿ ಆರು ತಿಂಗಳಾಗದವರು ಹಲ್ಲು ಕೀಳಿಸುವ 30–60 ನಿಮಿಷ ಮುಂಚೆ ಕಿಲೋಗೆ 50 ಮಿಗ್ರಾಂ ಅಮಾಕ್ಸಿಸಿಲಿನ್ ತೆಗೆದುಕೊಳ್ಳಬೇಕು, ಹೆಚ್ಚೆಂದರೆ 2 ಗ್ರಾಂ. ಪೆನಿಸಿಲಿನ್ ಇಂಜೆಕ್ಷನ್ ಮೇಲಿರುವವರಿಗೆ ಬೇರೆ ಔಷಧಿ ಬೇಕಾಗುತ್ತದೆ.

ನೆಗಡಿ, ಕೆಮ್ಮು ಯಾವುದೂ ಇಲ್ಲದೆ ಜ್ವರ ಮೂರು ದಿನ ದಾಟಿದರೆ ಮೆಡಿಕಲ್ಲಿನಿಂದ ಆಂಟಿಬಯಾಟಿಕ್ ತಂದು ಕೊಡಬೇಡಿ. ಮೊದಲು ರಕ್ತದ ಕಲ್ಚರ್ (ರಕ್ತದಲ್ಲಿ ರೋಗಾಣು ಬೆಳೆಯುತ್ತದೆಯೇ ಎಂಬ ಪರೀಕ್ಷೆ) ಆಗಬೇಕು. ಎರಡು ಡೋಸ್ ಹೋದ ಮೇಲೆ ಕಲ್ಚರಿನಲ್ಲಿ ಏನೂ ಬೆಳೆಯದೆ ರೋಗ ಒಳಗೇ ಬೆಳೆಯುತ್ತದೆ. ಲಸಿಕೆಗಳು ಎಲ್ಲ ಮಕ್ಕಳಂತೆಯೇ. ಜೊತೆಗೆ ವರ್ಷಕ್ಕೊಮ್ಮೆ ಫ್ಲೂ ಲಸಿಕೆ.

ಆಟ, ಶಾಲೆ

ರಂಧ್ರ ಮುಚ್ಚಿ ಹೃದಯ ಸರಿಯಾಗಿ ಕೆಲಸ ಮಾಡುತ್ತಿರುವ ಬಹುತೇಕ ಮಕ್ಕಳಿಗೆ ಯಾವ ಆಟದ ನಿರ್ಬಂಧವೂ ಇಲ್ಲ. ಆದರೂ ಐದು ವರ್ಷ ಹಿಂದೆ ಆಪರೇಷನ್ ಆದ ಹುಡುಗಿ ಪಿ.ಟಿ. ಅವಧಿಯಲ್ಲಿ ಚಪ್ಪಲಿ ಕಾಯುತ್ತಾ ಕೂತಿರುತ್ತಾಳೆ. ನಿರ್ಬಂಧ ನಿಜಕ್ಕೂ ಬೇಕಾದವರು ಕೆಲವರು: ಮಹಾಪಧಮನಿ ಕವಾಟ ತೀರಾ ಕಿರಿದಾಗಿರುವವರು, ಹೃದಯದ ಸ್ನಾಯು ದಪ್ಪಗಾದವರು, ಬಡಿತ ತಪ್ಪುವವರು. ಇವರಿಗೆ ಹಗ್ಗಜಗ್ಗಾಟ, ಭಾರ ಎತ್ತುವುದು, ಓಟದ ಸ್ಪರ್ಧೆ ಸಲ್ಲದು. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಿಗೆ, ಪೇಸ್‌ಮೇಕರ್ ಇರುವವರಿಗೆ ಕಬಡ್ಡಿ ಬೇಡ. ಮಿಕ್ಕವರಿಗೆ ಒಂದೇ ಅಳತೆ ಸಾಕು: ಆಡುತ್ತಾ ಮಾತಾಡಲು ಆಗುತ್ತಿದೆಯೇ? ಆಗುತ್ತಿದ್ದರೆ ಆಡಲಿ. ಸುಸ್ತಾದಾಗ ತಾನೇ ಕೂರಲು ಬಿಡಿ, "ಇನ್ನೊಂದು ಸುತ್ತು" ಎಂದು ಹುರಿದುಂಬಿಸಬೇಡಿ. ಓಡುವಾಗ ತಲೆತಿರುಗಿ ಬಿದ್ದರೆ, ಎದೆ ಹಿಡಿದುಕೊಂಡರೆ ಅವತ್ತೇ ತೋರಿಸಿ. ಅಂದಹಾಗೆ, ಆಪರೇಷನ್ ಸುಸೂತ್ರವಾಯಿತೆಂದು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಮಗುವಿನಿಂದಲೇ ಹತ್ತಿಸುವ ಹರಕೆ ಹೊತ್ತವರು ತಾವೇ ಹತ್ತಿ ತೀರಿಸಲಿ.

ಎದೆ ತೆರೆದು ಆಪರೇಷನ್ ಆದ ಮೇಲೆ ಎದೆಯ ಮೂಳೆ ಕೂಡಿಕೊಳ್ಳಲು 6–8 ವಾರ ಬೇಕು. ಅಲ್ಲಿಯವರೆಗೆ ಕಂಕುಳಿಗೆ ಕೈಹಾಕಿ ಎತ್ತಬೇಡಿ. ಒಂದು ಕೈ ಬೆನ್ನಿಗೆ, ಇನ್ನೊಂದು ಕುಂಡಿಗೆ ಕೊಟ್ಟು ಎತ್ತಿ. ಸೈಕಲ್, ಮರ ಹತ್ತುವುದು, ಬೆನ್ನಿಗೆ ಬ್ಯಾಗು ಇಲ್ಲ.

ಶಾಲೆಯಲ್ಲಿ ಕೇಳಬೇಕಾದದ್ದು ಇಷ್ಟು: ಮೂತ್ರಕ್ಕೆ ಕೇಳಿದ ಕೂಡಲೇ ಬಿಡುವುದು, ಡೆಸ್ಕಿನ ಮೇಲೆ ನೀರಿನ ಬಾಟಲಿ, ಸುಸ್ತಾಗುವ ಮಗುವಿಗೆ ಕೆಳಮಹಡಿಯ ತರಗತಿ, ಇಂಜೆಕ್ಷನ್ ದಿನ ಗೈರುಹಾಜರಿಯ ಬೈಗುಳ ಇಲ್ಲದಿರುವುದು. ಕುಸಿದುಬಿದ್ದು ಉಸಿರಾಡದಿದ್ದರೆ 108ಕ್ಕೆ ಕರೆ ಮಾಡಿ ನಿಮಿಷಕ್ಕೆ 100–120ರಂತೆ ಎದೆ ಒತ್ತಬೇಕೆಂದು ಕನಿಷ್ಠ ಇಬ್ಬರು ಶಿಕ್ಷಕರಿಗೆ ಗೊತ್ತಿರಲಿ. ಎಳೆಯ ವಯಸ್ಸಿನಲ್ಲೇ ದೊಡ್ಡ ಆಪರೇಷನ್ ಆದ ಮಕ್ಕಳಲ್ಲಿ ಕೆಲವರಿಗೆ ಗಮನ ನಿಲ್ಲುವುದು, ಲೆಕ್ಕ, ಕೈಬರಹ ಕಷ್ಟ. ಅದು ಸೋಮಾರಿತನ ಅಲ್ಲ, ಬೇಗ ಕಂಡುಹಿಡಿದರೆ ತರಬೇತಿ ಕೊಡಿಸಬಹುದು.

ಮಕ್ಕಳ ಆರೋಗ್ಯ ತಪಾಸಣೆಗೆಂದು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರುತ್ತದೆ. ಹುಟ್ಟಿನ ಹೃದಯದೋಷ, ರುಮ್ಯಾಟಿಕ್ ಎರಡೂ ಅದರ ಪಟ್ಟಿಯಲ್ಲಿವೆ, 18 ವರ್ಷದವರೆಗೆ. ಆ ದಿನ ಮಗುವನ್ನು ತಪ್ಪಿಸಬೇಡಿ. ಚಿಕಿತ್ಸೆಯ ಖರ್ಚಿಗೆ ನೆರವಾಗುವ ಸರ್ಕಾರಿ ಯೋಜನೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕಕ್ಕೆ ಪಡಿತರ ಚೀಟಿ, ಆಧಾರ್ ಬೇಕು. ಜಯದೇವ ಹೃದ್ರೋಗ ಸಂಸ್ಥೆ ಬೆಂಗಳೂರಿನ ಜೊತೆಗೆ ಮೈಸೂರು, ಕಲಬುರಗಿಯಲ್ಲೂ ಇರುವುದರಿಂದ ಪ್ರತಿ ಸಲ ರಾತ್ರಿ ಬಸ್ಸಿನಲ್ಲಿ ರಾಜಧಾನಿಗೇ ಬರಬೇಕಿಲ್ಲ.

ಮಗುವನ್ನೇ ಕೇಳಿ

ಹೇಗಿದ್ದಾಳೆ ಎಂದು ವೈದ್ಯರು ಕೇಳಿದರೆ ಉತ್ತರ ಅಪ್ಪನಿಂದ ಬರುತ್ತದೆ. ಐದು ವರ್ಷದ ಮಗುವೂ ತನ್ನ ವಿಷಯ ತಾನೇ ಹೇಳಬಲ್ಲದು. ಕಾಗದದ ಮೇಲೆ ನಗುವ ಮುಖದಿಂದ ಅಳುವ ಮುಖದವರೆಗೆ ಐದು ಮುಖ ಬರೆದು ತಿಂಗಳಿಗೊಮ್ಮೆ ತೋರಿಸಿ: ಓಡುವುದು, ನಿದ್ದೆ, ಔಷಧಿ, ಗೆಳೆಯರು, ಎದೆಯ ಗಾಯದ ಗೆರೆ, ಒಂದೊಂದಕ್ಕೂ ಯಾವ ಮುಖ? ಒಂದೇ ಸಂಗತಿಗೆ ಎರಡು ತಿಂಗಳು ಅಳುಮುಖ ಬಂದರೆ ಮುಂದಿನ ಭೇಟಿಯಲ್ಲಿ ಅದನ್ನೇ ಮೊದಲು ಹೇಳಿ. ನೆಂಟರು "ಪಾಪ, ಹಾರ್ಟ್ ಪೇಷಂಟು" ಎಂದು ಮಗುವಿನ ಎದುರೇ ಕನಿಕರ ತೋರಿದರೆ ಮಾತು ಬದಲಿಸುವ ಜವಾಬ್ದಾರಿ ದೊಡ್ಡವರದು.

ಹತ್ತು ಹನ್ನೆರಡು ವರ್ಷಕ್ಕೆ ಮಗುವಿಗೆ ತನ್ನ ಕಾಯಿಲೆಯ ಹೆಸರು, ಮಾತ್ರೆಯ ಹೆಸರು ಬಾಯಿಪಾಠ ಆಗಿರಲಿ. ಹದಿನಾಲ್ಕಕ್ಕೆ ಮಾತ್ರೆ ಡಬ್ಬಿ ತಾನೇ ತುಂಬಲಿ, ನೀವು ಎಣಿಸಿ ನೋಡಿ. ವಾರ್ಫರಿನ್ ತೆಗೆದುಕೊಳ್ಳುವ ಹುಡುಗಿಯರಿಗೆ ಮುಟ್ಟಿನ ಸ್ರಾವ ಹೆಚ್ಚಾಗಬಹುದು. ಎರಡು ಗಂಟೆಗೆ ಒಂದು ಪ್ಯಾಡ್ ನೆನೆಯುತ್ತಿದ್ದರೆ ನಾಚಿಕೊಳ್ಳದೆ ವೈದ್ಯರಿಗೆ ಹೇಳಬೇಕೆಂದು ಮೊದಲೇ ತಿಳಿಸಿ. ಈ ಮಾತ್ರೆ ಗರ್ಭದ ಕೂಸಿಗೆ ಹಾನಿ ಮಾಡುತ್ತದೆ ಎಂಬುದೂ ಮದುವೆಯ ಮಾತು ಏಳುವ ಮುಂಚೆಯೇ, ವೈದ್ಯರ ಬಾಯಿಂದಲೇ ಅವಳ ಕಿವಿಗೆ ಬೀಳಬೇಕು. ಆ ಭೇಟಿಯಲ್ಲಿ ಹತ್ತು ನಿಮಿಷ ನೀವು ಹೊರಗೆ ಕೂತಿರಿ, ಒಳಗೆ ಅವಳೊಬ್ಬಳೇ ಮಾತಾಡಲಿ.